ಬೆಟ್ಟದ ದಾರಿಯಲ್ಲಿ ಬಿಚ್ಚಿದ ಹಿಂದಿನ ಗಾಲಿ

ಕಣಿವೆ ಹತ್ತಿ ಮೇಲಿನ ಬಯಲಿಗೆ ಬರುವಷ್ಟರಲ್ಲಿ ಡಾಂಬರು ಮುಗಿದಿತ್ತು. ಮುಂದೆ ಬರೀ ಜಲ್ಲಿ. ಬೆಟ್ಟದಿಂದ ಇಳಿದು ಬರುವ ಹಳ್ಳಗಳು ರಸ್ತೆಯ ಮೇಲೇ ಹರಿದು ಆಚೆ ಬೀಳುತ್ತಿದ್ದವು. ಗೆಳೆಯ ಮುಂದೆ, ನಾನು ಹಿಂದೆ. ಅವನ ಬೈಕ್ ಎಬ್ಬಿಸುವ ಧೂಳು ತಣ್ಣಗಾಗಲಿ ಅಂತ ಸ್ವಲ್ಪ ದೂರ ಬಿಟ್ಟೇ ಹೋಗುತ್ತಿದ್ದೆ. ಗಾಳಿ ಎಡಗಡೆಯಿಂದ ಒಂದೇ ಸಮ ಬೀಸುತ್ತಿತ್ತು. ಹಾಗಾಗಿ ಬೈಕಿನ ಬಾಲ ಅತ್ತಿತ್ತ ಸರಿಯತೊಡಗಿದಾಗ ಮೊದಲು ಗಾಳಿಯೇ ಇರಬೇಕು ಅನ್ನಿಸಿತು. ಒಂದು ತಿರುವಿನಲ್ಲಿ ಹಿಂದಿನ ಗಾಲಿ ಮೆತ್ತಗೆ ಕುಸಿದ ಹಾಗಾಯಿತು. ನಿಲ್ಲಿಸಿ ನೋಡಿದರೆ ಟೈರ್ ನೆಲಕ್ಕೆ ಅಂಟಿತ್ತು.

ನನ್ನ ಬೈಕಿಗೆ ಕಡ್ಡಿಗಳಿರುವ ಗಾಲಿ, ಒಳಗೆ ಟ್ಯೂಬ್. ಟ್ಯೂಬ್‌ಲೆಸ್ ಆಗಿದ್ದರೆ ಮೊಳೆ ಕಿತ್ತು, ರಬ್ಬರ್ ಬತ್ತಿ ತೂರಿಸಿ, ಗಾಳಿ ತುಂಬಿ ಹೊರಡಬಹುದಿತ್ತು. ಟ್ಯೂಬ್ ಇದ್ದರೆ ಆ ದಾರಿ ಇಲ್ಲ. ಗಾಲಿ ಹೊರಗೆ ಬರಲೇಬೇಕು. ಅದೂ ಚೈನ್ ಇಲ್ಲದ, ಶಾಫ್ಟ್‌ನಿಂದ, ಅಂದರೆ ಎಂಜಿನ್‌ನ ಬಲವನ್ನು ಹಿಂದಕ್ಕೆ ಒಯ್ಯುವ ತಿರುಗುವ ದಂಡದಿಂದ, ಓಡುವ ಗಾಲಿ.

ಗೆಳೆಯ ತಿರುಗಿ ಬಂದು ನೋಡಿದ. "ಶಾಫ್ಟ್ ಗಾಲಿ ರಸ್ತೆ ಮೇಲೆ ಬಿಚ್ಚೋಕಾಗತ್ತೇನೋ? ಒಳಗಿನ ಆಯಿಲ್ ಎಲ್ಲ ಸುರಿದುಹೋಗಲ್ವಾ?" ಅಂದ. ತುಂಬ ಜನ ಹೀಗೇ ಅಂದುಕೊಂಡಿರುತ್ತಾರೆ. ಗೇರ್ ಆಯಿಲ್ ಇರುವುದು ಗಾಲಿಯ ಪಕ್ಕದ ಪೆಟ್ಟಿಗೆಯಲ್ಲಿ, ಅಂದರೆ ಫೈನಲ್ ಡ್ರೈವ್‌ನಲ್ಲಿ. ಗಾಲಿ ಬಿಚ್ಚುವಾಗ ಆ ಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಅದು ಸ್ವಿಂಗ್ ಆರ್ಮ್‌ಗೆ, ಅಂದರೆ ಹಿಂದಿನ ಗಾಲಿಯನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳಿಗೆ, ಕಚ್ಚಿಕೊಂಡು ಅಲ್ಲೇ ಇರುತ್ತದೆ. ಗಾಲಿ ಅದರ ಪಕ್ಕದಿಂದ ಸರಿದು ಈಚೆ ಬರುತ್ತದೆ, ಅಷ್ಟೇ.

ಅವನ ಅನುಮಾನಕ್ಕೆ ಕಾರಣವೂ ಇತ್ತು. ಅವನದು ಬಿಎಂಡಬ್ಲ್ಯು ಆರ್1200ಜಿಎಸ್. ಅದೂ ಶಾಫ್ಟ್ ಬೈಕೇ. ಆದರೆ ಸ್ವಿಂಗ್ ಆರ್ಮ್ ಒಂದೇ ಬದಿಗೆ ಇರುವುದರಿಂದ ಐದು ಬೋಲ್ಟ್ ತೆಗೆದರೆ ಕಾರಿನ ಗಾಲಿಯ ಹಾಗೇ ಕೈಗೆ ಬರುತ್ತದೆ. 1980ರ ಆರ್80 ಜಿ/ಎಸ್ ಕಾಲದಿಂದ ಆ ಕಂಪನಿ ಈ ಸುಖ ಕೊಡುತ್ತಾ ಬಂದಿದೆ. ನನ್ನ ಬೈಕಿನಲ್ಲಿ ಗಾಲಿಯ ಎರಡೂ ಪಕ್ಕ ಸ್ವಿಂಗ್ ಆರ್ಮ್‌ನ ತೋಳುಗಳಿವೆ. ಬಲ ತೋಳಿನೊಳಗೆ ಶಾಫ್ಟ್ ತಿರುಗುತ್ತದೆ, ಎಡ ತೋಳಿನ ಕಡೆ ಡಿಸ್ಕ್ ಬ್ರೇಕ್. ನಡುವೆ ಆಕ್ಸಲ್, ಗಾಲಿಯ ಅಚ್ಚು.

ಸೆಂಟರ್ ಸ್ಟ್ಯಾಂಡ್ ಜಲ್ಲಿಯಲ್ಲಿ ಹೂತುಹೋಗುತ್ತದೆ. ಅದಕ್ಕೆ ಹಳ್ಳದ ಬದಿಯಿಂದ ಎರಡು ಚಪ್ಪಟೆ ಕಲ್ಲು ತಂದು, ಅದರ ಮೇಲೆ ಸ್ಟ್ಯಾಂಡ್ ಹಾಕಿದೆವು. ಸಾಮಾನು ಚೀಲಗಳನ್ನೆಲ್ಲ ಇಳಿಸಿದೆವು. ಮುಂದಿನ ಗಾಲಿಗೆ ಅಡ್ಡ ಕಲ್ಲಿಟ್ಟೆವು. ಬೈಕನ್ನು ಒಂದನೇ ಗೇರಿನಲ್ಲಿ ಬಿಟ್ಟೆ. ಅದು ಏಕೆ ಅನ್ನುವುದು ಆಮೇಲೆ ಬರುತ್ತದೆ. ಒಂದು ಹಳೆ ಬಟ್ಟೆ ಹಾಸಿಕೊಂಡೆ. ಬಿಚ್ಚಿದ ಸಾಮಾನನ್ನು ಎಡದಿಂದ ಬಲಕ್ಕೆ, ಬಿಚ್ಚಿದ ಸಾಲಿನಲ್ಲೇ ಇಡುವುದು ನನ್ನ ಪದ್ಧತಿ. ಜೋಡಿಸುವಾಗ ಬಲದಿಂದ ಎಡಕ್ಕೆ ಎತ್ತಿಕೊಂಡರಾಯಿತು. ಫೋಟೋ ತೆಗೆದುಕೊಳ್ಳುವುದೂ ಒಳ್ಳೆಯದೇ. ಆದರೆ ಗಾಳಿ, ಧೂಳು, ಗ್ರೀಸ್ ಹತ್ತಿದ ಕೈ ಇರುವ ಕಡೆ ಬಟ್ಟೆಯ ಮೇಲಿನ ಸಾಲೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಎಡ ತೋಳಿನ ತುದಿಯಲ್ಲಿ ಆಕ್ಸಲನ್ನು ಅಪ್ಪಿ ಹಿಡಿಯುವ ಒಂದು ಸಣ್ಣ ಪಿಂಚ್ ಬೋಲ್ಟ್ ಇದೆ. ಮೊದಲು ಅದನ್ನು ಸಡಿಲ ಮಾಡಿದೆ. ಆಮೇಲೆ ಬಲಗಡೆಯ ದೊಡ್ಡ ನಟ್, ಅದರ ಹಿಂದಿನ ವಾಶರ್. ಆಕ್ಸಲ್‌ನ ತಲೆಯಲ್ಲಿ ಒಂದು ತೂತಿದೆ. ಅದಕ್ಕೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುತ್ತಾ ಎಡಕ್ಕೆ ಎಳೆಯಬೇಕು. ಬಿಗಿಯಾಗಿದ್ದರೆ ಕಾರಣ ಸಾಮಾನ್ಯವಾಗಿ ತುಕ್ಕಲ್ಲ, ಗಾಲಿಯ ಭಾರ. ಗಾಲಿಯ ಕೆಳಗೆ ಬೂಟಿನ ತುದಿ ಕೊಟ್ಟು ಕೂದಲೆಳೆಯಷ್ಟು ಎತ್ತಿದರೆ ಆಕ್ಸಲ್ ತಾನಾಗಿ ಜಾರುತ್ತದೆ. ಅಷ್ಟು ತಾಳ್ಮೆ ಇಲ್ಲದೆ ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಆಕ್ಸಲ್ ತುದಿಯ ತಿರುಪಿನ ಎಳೆ ಕೆಡುತ್ತದೆ. ಆಮೇಲೆ ನಟ್ ಏರುವುದೇ ಇಲ್ಲ. ಬಡಿಯಲೇಬೇಕಾದರೆ ನಡುವೆ ಮರದ ತುಂಡು ಇರಲಿ.

ಆಕ್ಸಲ್ ಅರ್ಧ ಬಂದಾಗ ಸೈಲೆನ್ಸರ್ ಅಡ್ಡ ಬಂತು. ಅದರ ಹಿಂಬದಿಯ ಬೋಲ್ಟ್ ತೆಗೆದು ಸ್ವಲ್ಪ ಕೆಳಕ್ಕೆ ಇಳಿಸಿದೆವು. ಆಕ್ಸಲ್ ಪೂರ್ತಿ ಬಂದ ಕೂಡಲೇ ಬ್ರೇಕ್ ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕನ್ನು ಅದುಮುವ ಭಾಗ) ಹಿಡಿದಿರುವ ಪಟ್ಟಿ ಜೋತುಬಿತ್ತು. ಅದು ಬ್ರೇಕ್ ಪೈಪಿನ ಮೇಲೆ ನೇತಾಡಬಾರದು. ಒಂದು ದಾರದಿಂದ ಫ್ರೇಮಿಗೆ ಎತ್ತಿ ಕಟ್ಟಿದೆ. ಪ್ಯಾಡ್‌ಗಳ ನಡುವೆ ಮಡಿಚಿದ ರಟ್ಟು ತುರುಕಿದೆ. ಡಿಸ್ಕ್ ಇಲ್ಲದಿರುವಾಗ ಯಾರಾದರೂ ಬ್ರೇಕ್ ಪೆಡಲ್ ತುಳಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನ್ನು ಬಿಡಿಸಿ ಡಿಸ್ಕ್ ಕೂರಿಸುವುದು ಕಷ್ಟ. ಎಡಗಡೆ ಪಟ್ಟಿಗೂ ಹಬ್‌ಗೂ (ಗಾಲಿಯ ನಡುಭಾಗ) ನಡುವೆ ಅಂತರ ಕಾಯುವ ಒಂದು ಬಳೆ, ಸ್ಪೇಸರ್, ಇರುತ್ತದೆ. ಜಲ್ಲಿಗೆ ಬಿದ್ದರೆ ಕಲ್ಲುಗಳ ನಡುವೆ ಕಾಣಿಸುವುದೇ ಇಲ್ಲ. ಬೀಳುವ ಮೊದಲೇ ಗೆಳೆಯ ಹಿಡಿದುಕೊಂಡ. ಅದರ ಅಂಚು ಯಾವ ಕಡೆಗಿತ್ತು ಅಂತ ನೋಡಿಯೇ ಬಟ್ಟೆ ಮೇಲೆ ಇಟ್ಟೆವು.

ಈಗ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಎಡಕ್ಕೆ ಎಳೆಯಬೇಕು. ಫೈನಲ್ ಡ್ರೈವ್‌ನ ಹಲ್ಲುಗಳಿಂದ ಹಬ್‌ನ ಹಲ್ಲುಗಳು ಜಾರಿ ಬಿಟ್ಟುಕೊಳ್ಳುತ್ತವೆ. ಆದರೆ ಬಿಟ್ಟ ಗಾಲಿ ಹೊರಗೆ ಬರಬೇಕಲ್ಲ? ಮೇಲೆ ಮಡ್‌ಗಾರ್ಡ್ ತಗುಲುತ್ತದೆ, ಕೆಳಗೆ ನೆಲ. ಬೈಕನ್ನು ವಾಲಿಸುವುದು ಒಂದು ಉಪಾಯ. ಜಲ್ಲಿ ರಸ್ತೆಯಲ್ಲಿ ಅದಕ್ಕಿಂತ ಒಳ್ಳೆಯದು, ಟೈರಿನ ಕೆಳಗೆ ಟೈರ್ ಲಿವರ್‌ನಿಂದ ಗುಂಡಿ ತೋಡುವುದು. ಸ್ಟ್ಯಾಂಡಿನ ಕಲ್ಲುಗಳನ್ನು ಮುಟ್ಟದೆ ತೋಡಿದೆವು. ಗಾಲಿ ಗುಂಡಿಗೆ ಇಳಿದು ಹಿಂದಕ್ಕೆ ಉರುಳಿ ಬಂತು.

ನಾನು ಜಾಸ್ತಿ ಹೊತ್ತು ಕೂತಿದ್ದು ಪಂಚರ್ ಮುಂದೆ ಅಲ್ಲ, ಆ ಹಲ್ಲುಗಳ ಮುಂದೆ. ಶಾಫ್ಟ್ ಬೈಕ್ ಕೊಂಡವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಚೈನ್ ಇಲ್ಲ, ಎಣ್ಣೆ ಹಾಕೋದು ಬೇಡ, ಬಿಗಿ ಮಾಡೋದು ಬೇಡ, ಕೆಲಸವೇ ಇಲ್ಲ. ಈ ಮಾತನ್ನು ಪೂರ್ತಿ ನಂಬಿದವರ ಬೈಕುಗಳೇ ಒಂದು ದಿನ ನಿಲ್ಲುವುದು. ಎಂಜಿನ್ ಓಡುತ್ತಿರುತ್ತದೆ, ಗೇರ್ ಬಿದ್ದಿರುತ್ತದೆ, ಶಾಫ್ಟ್ ತಿರುಗುತ್ತಿರುತ್ತದೆ, ಬೈಕ್ ಮಾತ್ರ ಕದಲುವುದಿಲ್ಲ. ಸ್ಪ್ಲೈನ್ ಅಂತ ಕರೆಯುವ ಈ ಹಲ್ಲುಗಳು ಸವೆದು ಬೋಳಾಗಿರುತ್ತವೆ. ಪೆಟ್ಟಿಗೆಯೊಳಗಿನ ಗೇರುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಆದರೆ ಈ ಸ್ಪ್ಲೈನ್‌ಗೆ ಆ ಎಣ್ಣೆ ಸಿಗುವುದಿಲ್ಲ. ಅದು ಎಣ್ಣೆ ಸೋರದಂತೆ ತಡೆಯುವ ಸೀಲ್‌ನ ಹೊರಗಿದೆ. ನಾವು ಹಚ್ಚಿದ ಗ್ರೀಸ್ ಎಷ್ಟು ದಿನ ಇರುತ್ತದೋ ಅಷ್ಟು ದಿನ ಅದರ ಆಯಸ್ಸು.

ಈ ಪೆಟ್ಟಿಗೆಯ ಕೆಲಸವೂ ಸಣ್ಣದಲ್ಲ. ನನ್ನ ಬೈಕಿನಲ್ಲಿ ಎಂಜಿನ್‌ನೊಳಗೆ ತಿರುಗುವ ಮುಖ್ಯ ದಂಡ, ಕ್ರ್ಯಾಂಕ್, ಬೈಕಿನ ಉದ್ದಕ್ಕೆ ಮಲಗಿದೆ. ಹಾಗಾಗಿ ಶಕ್ತಿ ನೇರವಾಗಿ ಹಿಂದಕ್ಕೆ ಬಂದು, ಕೊನೆಗೆ ಒಂದೇ ಕಡೆ, ಈ ಪೆಟ್ಟಿಗೆಯಲ್ಲಿ, ತೊಂಬತ್ತು ಡಿಗ್ರಿ ತಿರುಗುತ್ತದೆ. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಬಿಎಂಡಬ್ಲ್ಯು ಆರ್32 ಇದೇ ಲೆಕ್ಕದ ಬೈಕು. ಅದಕ್ಕೂ ಮೊದಲು, 1905ರಲ್ಲೇ, ಬೆಲ್ಜಿಯಂನ ಎಫ್‌ಎನ್ ಕಂಪನಿ ನಾಲ್ಕು ಸಿಲಿಂಡರ್‌ನ ಬೈಕಿಗೆ ಶಾಫ್ಟ್ ಕೂರಿಸಿತ್ತು. ಅಂದಿನಿಂದ ಎಷ್ಟೋ ಬದಲಾಗಿದೆ. ಆದರೂ ನನ್ನಂಥ ಬೈಕಿನಲ್ಲಿ ಎಂಜಿನ್‌ನ ಅಷ್ಟೂ ಬಲ ಗಾಲಿಗೆ ತಲುಪುವುದು ಅಂಗೈ ಅಗಲದ ಈ ಹಲ್ಲುಗಳ ಉಂಗುರದ ಮೂಲಕವೇ.

ಬಟ್ಟೆಯ ತುದಿಗೆ ಸ್ವಲ್ಪ ಪೆಟ್ರೋಲ್ ತಾಗಿಸಿ, ಸೀಲ್‌ಗೆ ಮುಟ್ಟದ ಹಾಗೆ, ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ. ನೋಡಬೇಕಾದ್ದು ಮುಖ್ಯವಾಗಿ ಎರಡು. ಹಲ್ಲಿನ ತಲೆ ಚಪ್ಪಟೆಯಾಗಿದೆಯಾ, ಚೂಪಾಗಿದೆಯಾ? ಚಪ್ಪಟೆ ಇದ್ದರೆ ಸರಿ. ಚೂಪಾಗಿದ್ದರೆ, ಇಲ್ಲವೇ ಪಕ್ಕದಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಇದ್ದರೆ, ಸವೆತ ಶುರುವಾಗಿದೆ ಅಂತ ಅರ್ಥ. ಎರಡನೆಯದು ಬಣ್ಣ. ಕಪ್ಪು ಗ್ರೀಸ್ ಇದ್ದರೆ ನಿಶ್ಚಿಂತೆ. ಇಟ್ಟಿಗೆ ಪುಡಿಯ ಹಾಗೆ ಕೆಂಪು ಧೂಳಿದ್ದರೆ ಒಣಗಿದ ಲೋಹ ಲೋಹಕ್ಕೆ ಉಜ್ಜಿ ತುಕ್ಕಾಗಿ ಉದುರುತ್ತಿದೆ. ನನ್ನ ಬೈಕಿನಲ್ಲಿ ಹಲ್ಲುಗಳು ಚೆನ್ನಾಗಿಯೇ ಇದ್ದವು. ಆದರೆ ಹೊರ ಅಂಚಿನಲ್ಲಿ ಗ್ರೀಸ್ ತೆಳುವಾಗಿ, ಅಲ್ಲಲ್ಲಿ ಕೆಂಪು ಛಾಯೆ ಬಂದಿತ್ತು. ದಾರಿಯುದ್ದಕ್ಕೂ ದಾಟಿದ ಹಳ್ಳಗಳ ನೀರು ಒಳಗೆ ನುಗ್ಗಿ ಗ್ರೀಸನ್ನು ತೊಳೆದಿತ್ತು. ಈ ಪಂಚರ್ ಆಗದಿದ್ದರೆ ಪ್ರವಾಸ ಮುಗಿಯುವವರೆಗೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಪೆಟ್ಟಿಗೆಯ ಮುಖದಲ್ಲಿ ಎಣ್ಣೆಯ ತೇವ ಇದೆಯಾ ಅಂತಲೂ ಬೆರಳಾಡಿಸಿ ನೋಡಿದೆ. ಇದ್ದರೆ ಸೀಲ್ ಸೋತಿದೆ ಅಂತ. ಒಣಗಿಯೇ ಇತ್ತು.

ಟ್ಯೂಬ್ ಕೆಲಸ ಎಲ್ಲ ಬೈಕಿನ ಹಾಗೇ, ಅದನ್ನು ಬೆಳೆಸುವುದಿಲ್ಲ. ಬಿಗಿದು ಕೂತ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಲು ಗಾಲಿಯನ್ನು ನೆಲಕ್ಕೆ ಮಲಗಿಸಿ, ಗೆಳೆಯನ ಬೈಕಿನ ಸೈಡ್ ಸ್ಟ್ಯಾಂಡ್ ಅದರ ಮೇಲೆ ಇಳಿಸಿ ಒತ್ತಿದೆವು. ಎರಡು ಬೈಕು ಜೊತೆಗಿದ್ದರೆ ಇದು ದೊಡ್ಡ ಅನುಕೂಲ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆಲ್ಲ ಬಟ್ಟೆ ಸವರಿ, ಚುಚ್ಚಿದ್ದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ ಕಿತ್ತೆವು. ಸಣ್ಣ ತಂತಿಯ ಚೂರು ಅದು.

ಗಾಲಿ ವಾಪಸ್ ಕೂರಿಸುವ ಮೊದಲು ಸ್ಪ್ಲೈನ್‌ಗೆ ಗ್ರೀಸ್. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಪೇಸ್ಟ್ ಇದಕ್ಕೆ ಸರಿ. ಒತ್ತಡ ಬಿದ್ದಾಗ ಮಾಮೂಲಿ ಗ್ರೀಸ್ ಹಿಂಡಿ ಹೊರಗೆ ಹೋಗುತ್ತದೆ, ಇದು ಲೋಹಕ್ಕೆ ಹಿಡಿದು ನಿಲ್ಲುತ್ತದೆ. ದೂರ ಹೋಗುವ ಶಾಫ್ಟ್ ಬೈಕಿನವರು ಸ್ಪ್ಯಾನರ್‌ಗಳ ಜೊತೆ ಇದರ ಒಂದು ಪುಟ್ಟ ಡಬ್ಬಿ ಇಟ್ಟುಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಎರಡೂ ಕಡೆಯ ಹಲ್ಲುಗಳಿಗೆ ತೆಳ್ಳಗೆ ಹಚ್ಚಿದೆ. ತುಂಬಿಸಿ ಮೆತ್ತಿದರೆ ಗಾಲಿ ತಿರುಗುವಾಗ ಹೆಚ್ಚಿನದು ಸಿಡಿದು ಬ್ರೇಕಿನ ಕಡೆ ಹೋಗಬಹುದು. ಆಕ್ಸಲನ್ನೂ ಒರೆಸಿ, ಮಾಮೂಲಿ ಗ್ರೀಸ್ ಸವರಿದೆ.

ನೆಲದ ಮೇಲೆ ಕೂತು, ಎರಡೂ ಬೂಟುಗಳ ಮೇಲೆ ಗಾಲಿಯನ್ನು ಏರಿಸಿಕೊಂಡೆ. ಕೈಗಿಂತ ಕಾಲಿಗೆ ಭಾರ ಎತ್ತುವುದು ಸುಲಭ, ಮತ್ತೆ ಕೈ ಬಿಡುವಾಗಿರುತ್ತದೆ. ಒಂದನೇ ಗೇರಿನ ಉಪಯೋಗ ಇಲ್ಲಿ ಬಂತು. ಗೇರಿನಲ್ಲಿದ್ದರೆ ಫೈನಲ್ ಡ್ರೈವ್‌ನ ಹಲ್ಲುಗಳು ಅಲುಗದೆ ನಿಲ್ಲುತ್ತವೆ. ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾ ಬಲಕ್ಕೆ ಒತ್ತಿದರೆ ಒಂದು ಹಂತದಲ್ಲಿ ಹಲ್ಲಿಗೆ ಹಲ್ಲು ಸಿಗುತ್ತದೆ. ಹಿಂದೆ ಕೂತ ಗೆಳೆಯ ಸಂದಿ ನೋಡುತ್ತಿದ್ದ. "ಇನ್ನೂ ಮೇಲೆ ಎತ್ತು. ಸ್ವಲ್ಪ ಕಡಿಮೆ. ಹಾಂ, ಈಗ ಒತ್ತು." ಗಾಲಿ ಸಲೀಸಾಗಿ ಒಳಗೆ ಸರಿಯಿತು. ಸಂದಿ ಪೂರ್ತಿ ಮುಚ್ಚಿತು. ಸಂದಿ ಉಳಿದಿರುವಾಗ ಆಕ್ಸಲ್ ನಟ್‌ನಿಂದ ಎಳೆದು ಕೂರಿಸಲು ಹೋಗಬಾರದು. ಹಲ್ಲು ಸಿಗದೆ ತಲೆಗೆ ತಲೆ ತಾಗಿದ್ದರೆ ನಟ್ ಬಿಗಿದಂತೆಲ್ಲ ಅವೇ ಜಜ್ಜಿಹೋಗುತ್ತವೆ.

ಆಮೇಲೆ ಬಟ್ಟೆಯ ಬಲತುದಿಯಿಂದ ಒಂದೊಂದೇ. ಸ್ಪೇಸರ್, ಕ್ಯಾಲಿಪರ್ ಪಟ್ಟಿ, ಪ್ಯಾಡ್‌ಗಳ ನಡುವೆ ಡಿಸ್ಕ್, ಆಕ್ಸಲ್, ವಾಶರ್, ನಟ್. ಪಟ್ಟಿಯ ಕಚ್ಚು ಸ್ವಿಂಗ್ ಆರ್ಮ್‌ನ ಚಾಚಿದ ಮೂತಿಗೆ ಸರಿಯಾಗಿ ಕೂತಿದೆಯಾ ಅಂತ ಗೆಳೆಯ ಟಾರ್ಚ್ ಹಿಡಿದು ನೋಡಿದ. ಅದು ತಪ್ಪಿದರೆ ಬ್ರೇಕ್ ಹಾಕಿದ ಕೂಡಲೇ ಕ್ಯಾಲಿಪರ್ ಗಾಲಿಯ ಜೊತೆ ತಿರುಗಲು ಹೋಗುತ್ತದೆ. ಇನ್ನು ಬಿಗಿಯುವ ವಿಷಯ. ದೊಡ್ಡ ನಟ್ ಮೊದಲು, ಪಿಂಚ್ ಬೋಲ್ಟ್ ಕೊನೆಗೆ. ಪಿಂಚ್ ಬೋಲ್ಟ್ ಮೊದಲೇ ಬಿಗಿದರೆ ಆಕ್ಸಲ್ ಅಲ್ಲೇ ಸಿಕ್ಕಿಬೀಳುತ್ತದೆ. ನಟ್ ಎಷ್ಟು ತಿರುಗಿಸಿದರೂ ಬೇರಿಂಗು, ಸ್ಪೇಸರ್‌ಗಳೆಲ್ಲ ಒಂದಕ್ಕೊಂದು ಒತ್ತಿ ಕೂರುವುದಿಲ್ಲ. ಎಷ್ಟು ಬಿಗಿಯಬೇಕು ಅನ್ನುವುದು ಒಂದೊಂದು ಬೈಕಿಗೆ ಒಂದೊಂದು. ಅದನ್ನು ಕೈಪಿಡಿಯಿಂದ ನೋಡಿ ಚೀಲದ ಮುಚ್ಚಳದ ಒಳಗೆ ಬರೆದಿಟ್ಟುಕೊಂಡಿದ್ದೆ. ಚೈನ್ ಬೈಕಾಗಿದ್ದರೆ ಇಲ್ಲಿಂದ ಮುಂದೆ ಚೈನ್ ಎಷ್ಟು ಜೋತಿದೆ, ಗಾಲಿ ನೇರ ಇದೆಯಾ ಅಂತ ಎರಡೂ ಕಡೆ ಅಳೆಯುತ್ತಾ ಕೂರಬೇಕಿತ್ತು. ಶಾಫ್ಟ್‌ನಲ್ಲಿ ಅದೊಂದು ಇಲ್ಲ. ಗಾಲಿ ಕೂತ ಜಾಗವೇ ಅದರ ಜಾಗ.

ಸೈಲೆನ್ಸರ್ ಬೋಲ್ಟ್ ಹಾಕಿ, ನ್ಯೂಟ್ರಲ್‌ಗೆ ತಂದು ಗಾಲಿ ತಿರುಗಿಸಿದೆ. ಚೈನ್ ಗಾಲಿಯಷ್ಟು ಹಗುರವಾಗಿ ತಿರುಗುವುದಿಲ್ಲ ಇದು. ಜೊತೆಗೆ ಗೇರುಗಳೂ ಎಣ್ಣೆಯಲ್ಲಿ ತಿರುಗಬೇಕಲ್ಲ. ಎಲ್ಲೂ ಒಂದೇ ಜಾಗದಲ್ಲಿ ಹಿಡಿಯಬಾರದು, ಅಷ್ಟೇ. ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ತುಳಿದೆ. ಇದನ್ನು ಮರೆತು ಹೊರಟರೆ ಮೊದಲ ಇಳಿಜಾರಿನಲ್ಲಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ನಟ್ ಸಡಿಲವಾದರೆ ಗೊತ್ತಾಗಲಿ ಅಂತ ನಟ್‌ಗೂ ಆರ್ಮ್‌ಗೂ ಸೇರುವಂತೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದೆ.

ಬಿಸಿಲು ಇಳಿಯುವ ಹೊತ್ತಿಗೆ ಘಾಟಿಯ ನೆತ್ತಿ ದಾಟಿ, ಆಚೆ ಕಡೆ ಹೊಳೆ ದಂಡೆಯಲ್ಲಿ ಗುಡಾರ ಹಾಕಿದೆವು. ಇಳಿದ ಕೂಡಲೇ ಹಬ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಬಣ್ಣದ ಗೆರೆ ಕದಲಿರಲಿಲ್ಲ. ತೂತಾದ ಟ್ಯೂಬಿಗೆ ಗೆಳೆಯ ತೇಪೆ ಹಾಕಿ ಒಣಗಲು ಬಿಟ್ಟ. ಬೆಳಗ್ಗೆ ನಟ್‌ಗೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ ನೋಡಿ, ಹೊಳೆ ದಾಟಿದೆವು. ಗಾಲಿಯ ಅರ್ಧದವರೆಗೆ ನೀರಿತ್ತು. ಆಮೇಲೂ ಅಂಥ ಹೊಳೆಗಳು ಬಂದವು.

ಪ್ರವಾಸ ಮುಗಿದ ಮೇಲೆ ಟೈರ್ ಬದಲಿಸಲು ಅದೇ ಗಾಲಿ ಮತ್ತೆ ಬಿಚ್ಚಿದೆ. ಸ್ಪ್ಲೈನ್ ಮೇಲೆ ಪೇಸ್ಟ್ ಇನ್ನೂ ಕಪ್ಪಗೆ ಹಿಡಿದಿತ್ತು, ಕೆಂಪು ಎಲ್ಲೂ ಇರಲಿಲ್ಲ. ಹಬ್‌ನೊಳಗೆ ಎಳೆತದ ಪೆಟ್ಟು ತಡೆಯುವ ರಬ್ಬರ್ ತುಂಡುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಒಂದೇ ಹೊಸದಾದರೆ ಭಾರ ಏರುಪೇರಾಗುತ್ತದೆ, ಹಾಗಾಗಿ ಎಲ್ಲವನ್ನೂ ಬದಲಿಸಿದೆ. ನೀರು ತಡೆಯುವ ಓ-ರಿಂಗ್ ಗಟ್ಟಿಯಾಗಿತ್ತು, ಅದನ್ನೂ ಹೊಸದು ಹಾಕಿದೆ. ಫೈನಲ್ ಡ್ರೈವ್‌ನ ಎಣ್ಣೆ ಇಳಿಸಿದಾಗ ಕೆಳಗಿನ ಬೋಲ್ಟಿನ ಅಯಸ್ಕಾಂತದಲ್ಲಿ ನುಣ್ಣನೆಯ ಬೂದು ಪುಡಿ ಬಿಟ್ಟರೆ ಚೂರುಗಳೇನೂ ಇರಲಿಲ್ಲ.