ಎರಡು ಸ್ವರಗಳ ನಡುವೆ: ಹಾಡುವ ತಂತ್ರಾಂಶ ಬೆಳೆದ ಬಗೆ

1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಕೆಲ್ಲಿ ಮತ್ತು ಕ್ಯಾರೊಲ್ ಲಾಕ್‌ಬಾಮ್ ಐಬಿಎಂ ಕಂಪ್ಯೂಟರಿನಿಂದ ‘ಡೈಸಿ ಬೆಲ್’ ಗೀತೆಯನ್ನು ಹಾಡಿಸಿದರು. ಗಂಟಲಿನಿಂದ ತುಟಿಯವರೆಗಿನ ದಾರಿಯನ್ನು ಬೇರೆ ಬೇರೆ ಅಗಲದ ಕೊಳವೆಗಳ ಸಾಲೆಂದು ಭಾವಿಸಿ, ಪ್ರತಿಯೊಂದು ಸಂಧಿಯಲ್ಲೂ ಧ್ವನಿತರಂಗದ ಎಷ್ಟು ಭಾಗ ಮುಂದೆ ಸಾಗುತ್ತದೆ, ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿದ್ದರು. ಅಲ್ಲಿ ಯಾವ ಮನುಷ್ಯನ ದನಿಯ ಧ್ವನಿಮುದ್ರಣವೂ ಇರಲಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

2000ದಲ್ಲಿ ಯಮಾಹಾ ಸಂಸ್ಥೆಯು ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದೊಂದಿಗೆ ಆರಂಭಿಸಿದ ಯೋಜನೆ ಹಿಡಿದದ್ದು ಬೇರೆಯೇ ದಾರಿ. 2004ರಲ್ಲಿ ಮಾರುಕಟ್ಟೆಗೆ ಬಂದ ವೊಕಲಾಯ್ಡ್, ಗಾಯಕರೊಬ್ಬರ ದನಿಯಲ್ಲಿ ಒಂದು ಧ್ವನಿ ಇನ್ನೊಂದಕ್ಕೆ ಹೊರಳುವ ಸಣ್ಣ ತುಣುಕುಗಳನ್ನು ಮುದ್ರಿಸಿಕೊಂಡು, ಬೇಕಾದ ಶ್ರುತಿಗೆ ಹೊಂದಿಸಿ ಬೆಸೆಯುತ್ತಿತ್ತು. 2007ರಲ್ಲಿ ವೊಕಲಾಯ್ಡ್ ದನಿಯಾಗಿ ಬಂದ ಹತ್ಸುನೆ ಮಿಕು ಎಂಬ ಕಲ್ಪಿತ ಗಾಯಕಿಯಿಂದ ಈ ತಂತ್ರಜ್ಞಾನ ಜಗತ್ತಿನ ಮನೆಮಾತಾಯಿತು.

ಆದರೆ ತುಣುಕುಗಳನ್ನು ಬೆಸೆದ ಮಾತ್ರಕ್ಕೆ ಹಾಡು ಹುಟ್ಟುವುದಿಲ್ಲ. ‘ಸಾ’ ಎಂಬ ಅಕ್ಷರವನ್ನೇ ನೋಡಿ. ತಾಳದ ಪೆಟ್ಟು ಬೀಳುವ ಕ್ಷಣಕ್ಕೇ ‘ಸ್’ ವ್ಯಂಜನ ಶುರುವಾದರೆ ‘ಆ’ ಸ್ವರಾಕ್ಷರವು ತಡವಾಗಿ ಬಂದು, ಇಡೀ ಹಾಡು ಹಿಂದೆ ಬಿದ್ದಂತೆ ಕೇಳಿಸುತ್ತದೆ; ಪಳಗಿದ ಗಾಯಕರು ವ್ಯಂಜನವನ್ನು ಮೊದಲೇ ಆರಂಭಿಸಿ, ಸ್ವರಾಕ್ಷರವನ್ನು ಪೆಟ್ಟಿನ ಮೇಲೆ ತಂದು ನಿಲ್ಲಿಸುತ್ತಾರೆ. ವೊಕಲಾಯ್ಡ್ ಈ ಹೊಂದಾಣಿಕೆಯನ್ನು ತಾನೇ ಮಾಡುತ್ತದೆ. ಯಾರು ಬೇಕಾದರೂ ತಮ್ಮ ದನಿಯನ್ನೇ ಸೇರಿಸಬಹುದಾದ, 2008ರ ಉಚಿತ ತಂತ್ರಾಂಶ ಉಟಾವುನಲ್ಲಾದರೋ, ಪೆಟ್ಟಿಗಿಂತ ಎಷ್ಟು ಮೊದಲು ಉಚ್ಚಾರ ತೊಡಗಬೇಕೆಂಬುದನ್ನು ದನಿಕೋಶವನ್ನು, ಅಂದರೆ ಮುದ್ರಿಸಿದ ತುಣುಕುಗಳ ಸಂಗ್ರಹವನ್ನು, ಸಿದ್ಧಪಡಿಸುವವರೇ ಒಂದೊಂದು ತುಣುಕಿಗೂ ಗುರುತಿಸಿಡಬೇಕು. ಹೊರಗಿನವರಿಗೆ ಕಾಣದ ಈ ತಾಳ್ಮೆಯ ದುಡಿಮೆಯನ್ನು ನಾನು ತುಂಬ ಗೌರವಿಸುತ್ತೇನೆ.

ಶ್ರುತಿಯ ಕಥೆಯೂ ಹೀಗೆಯೇ. ಹಾಡುವವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತೆ ಏರುವುದಿಲ್ಲ. ಜಾರುತ್ತದೆ, ಗುರಿಯನ್ನು ತುಸು ದಾಟಿ ಮರಳುತ್ತದೆ, ದೀರ್ಘ ಸ್ವರದಲ್ಲಿ ಸೆಕೆಂಡಿಗೆ ಸುಮಾರು 5ರಿಂದ 7 ಬಾರಿ ಕಂಪಿಸುತ್ತದೆ. ಮೊದಲ ತಲೆಮಾರಿನ ತಂತ್ರಾಂಶಗಳಲ್ಲಿ ಹಾಡು ಜೀವಂತವೆನಿಸಬೇಕಾದರೆ ಬಳಕೆದಾರರು ಶ್ರುತಿಯ ಈ ಏರಿಳಿತವನ್ನು ತೋರಿಸುವ ರೇಖೆಗಳನ್ನು ಬಹುಮಟ್ಟಿಗೆ ಕೈಯಿಂದಲೇ ತಿದ್ದಬೇಕಾಗಿತ್ತು. ಜಪಾನಿನ ನಗೋಯಾ ತಾಂತ್ರಿಕ ಸಂಸ್ಥೆಯ ಸಿನ್ಸಿ ಎಂಬ ತಂತ್ರಾಂಶ ಅವನ್ನು ಸಂಖ್ಯಾಶಾಸ್ತ್ರೀಯ ಮಾದರಿಗಳಿಂದ ಊಹಿಸಿತು, ಆದರೆ ಸರಾಸರಿಯ ಕಡೆಗೆ ವಾಲುವ ಅಂಥ ಮಾದರಿಗಳಲ್ಲಿ ದನಿ ಮಂಕಾಗುತ್ತಿತ್ತು. 2020ರಲ್ಲಿ ಸಿಂಥಸೈಜರ್ ವಿ ಎಂಬ ಇನ್ನೊಂದು ತಂತ್ರಾಂಶ, 2022ರಲ್ಲಿ ವೊಕಲಾಯ್ಡ್ 6 ನರಜಾಲ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಮಾದರಿ) ಆಧಾರಿತ ದನಿಗಳನ್ನು ತಂದ ಮೇಲೆ ಆ ಮಂಕು ಬಹುಪಾಲು ಕರಗಿತು.

ಈಗ ದನಿಯ ಸಹಜತೆಗಿಂತ, ಸ್ವರದಿಂದ ಸ್ವರಕ್ಕೆ ಹೋಗುವ ಬಗೆಯನ್ನು ನಿರ್ಧರಿಸುವವರು ಯಾರು ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಒಂದು ಸಾಲಿನ ಕೊನೆಯಲ್ಲಿ ದನಿ ಕುಗ್ಗಬೇಕೋ ಕಂಪಿಸಬೇಕೋ ಎಂಬುದರಲ್ಲೇ ಆ ಸಾಲಿನ ಭಾವವಿದೆ. ಆದುದರಿಂದ ಯಂತ್ರವು ಊಹಿಸಿದ ರೇಖೆಯನ್ನು ತೆರೆದಿಟ್ಟು, ಒಂದೊಂದು ಬಿಂದುವನ್ನೂ ತಿದ್ದಲು ಬಿಡುವ ತಂತ್ರಾಂಶವನ್ನೇ ನಾನು ಆರಿಸಿಕೊಳ್ಳುತ್ತೇನೆ. ವ್ಯಂಜನದ ಉದ್ದ ಮತ್ತು ಉಸಿರಿನ ಪ್ರಮಾಣ ಎರಡೂ ಅದೇ ರೀತಿ ನಮ್ಮ ಕೈಗೆ ಸಿಗಬೇಕು.