ಆಗುಂಬೆ ಘಾಟಿ, ಅಮ್ಮನ ನಿಂಬೆಹಣ್ಣು ಮತ್ತು ವಾಲಾಡುವ ಜೀಪು

ಎರಡು ತಿಂಗಳಿಗೊಮ್ಮೆ ಅಮ್ಮನ ಕಣ್ಣು ತೋರಿಸೋಕೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೋಗಬೇಕು. ಮಧ್ಯೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ಐದಾರು ತಿರುವು ಇಳಿಯೋದರೊಳಗೆ ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡ ನಿಂಬೆಹಣ್ಣು ಮೂಸೋಕೆ ಶುರು ಮಾಡ್ತಾರೆ. ಹತ್ತಕ್ಕೆ ಬರುವಾಗ "ನಿಲ್ಸಾ ಮಾರಾಯಾ". ಸೋಮೇಶ್ವರ ಮುಟ್ಟೋ ಹೊತ್ತಿಗೆ ಒಂದು ಪ್ಲಾಸ್ಟಿಕ್ ಕವರ್ ಖರ್ಚು.

ಗಾಡಿ 2011ರ ಏಳು ಸೀಟಿನ ಡೀಸೆಲ್. ಕಂಪನಿ ಏನೇ ಹೆಸರಿಟ್ಟಿರಲಿ, ನಮ್ಮನೆಯಲ್ಲಿ ಅದು ಜೀಪು. ಮೊದಲೇ ಎತ್ತರದ ಗಾಡಿ, ನೆತ್ತಿ ಮೇಲೆ ಕಬ್ಬಿಣದ ಕ್ಯಾರಿಯರ್. ತಿರುವಿನಲ್ಲಿ ತುಂಬಿದ ದೋಣಿ ಹಾಗೆ ಹೊರಗಡೆಗೆ ವಾಲೋದು.

ನಾನು ಮೊದಲು ಮಾಡಿದ್ದು ದಂಡದ ಖರ್ಚು. ಯಾರೋ ಹೇಳಿದರು ಅಂತ 19,000 ಕೊಟ್ಟು ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ಆಮೇಲೆ ಏನಾಯ್ತು? ಮೊದಲು ಧಡಕ್ಕನೆ ವಾಲುತ್ತಿದ್ದದ್ದು ಈಗ ಮೆಲ್ಲಗೆ ವಾಲತೊಡಗಿತು. ವಾಲಿದ್ದು ಮಾತ್ರ ಅಷ್ಟೇ! ಶಾಕ್ ಅಬ್ಸಾರ್ಬರ್ ಹಿಡಿತದಲ್ಲಿಡೋದು ವಾಲುವ ವೇಗವನ್ನು. ಉದ್ದದ ತಿರುವಿನಲ್ಲಿ ಗಾಡಿ ಕೊನೆಗೆ ಎಷ್ಟು ವಾಲಿ ನಿಲ್ಲುತ್ತೆ ಅನ್ನೋದು ಸ್ಪ್ರಿಂಗು, ಸ್ಟೆಬಿಲೈಸರ್ ರಾಡು (ವಾಲೋದನ್ನು ತಡೆಯೋ ಸರಳು), ಮತ್ತೆ ಭಾರ ಎಷ್ಟು ಎತ್ತರದಲ್ಲಿ ಕೂತಿದೆ ಅನ್ನೋದಕ್ಕೆ ಬಿಟ್ಟಿದ್ದು.

ಇದನ್ನು ನನಗೆ ಹೇಳಿದ್ದು ನಮ್ಮೂರ ಮೆಕ್ಯಾನಿಕ್ಕು. ಗಾಡಿ ಜಾಕಿಗೇರಿಸಿ, ಅಡಿಗೆ ಮಲಗಿ, ಮುಂದಿನ ಸ್ಟೆಬಿಲೈಸರ್ ಲಿಂಕ್, ಅಂದರೆ ಆ ರಾಡಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸೋ ಕೊಂಡಿ, ಹಿಡಿದು ಅಲುಗಿಸಿದ. ಕಟಕ್, ಕಟಕ್. ಒಳಗಿನ ರಬ್ಬರ್ ಬುಷ್ ಕಿತ್ತು ನನ್ನ ಅಂಗೈಗೆ ಹಾಕಿದ. ಗುಂಡಗಿರಬೇಕಾದ ತೂತು ಕೋಳಿಮೊಟ್ಟೆ ಆಕಾರಕ್ಕೆ ಬಂದಿತ್ತು, ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. "ರಾಡು ಕೆಲಸ ಶುರು ಮಾಡೋಕೆ ಮೊದ್ಲೇ ಗಾಡಿ ಅರ್ಧ ವಾಲಿ ಆಗಿರ್ತದೆ ಅಣ್ಣ" ಅಂದ.

ಆ ರಾಡು ಎಡ ಬಲ ಎರಡೂ ಚಕ್ರಕ್ಕೆ ಕೊಂಡಿ ಹಾಕಿದ ಉದ್ದನೆಯ ಸರಳು. ಹಂಪ್ ಹತ್ತುವಾಗ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಆಗ ಅದು ಬುಷ್‌ನೊಳಗೆ ಸುಮ್ಮನೆ ತಿರುಗುತ್ತೆ. ತಿರುವಿನಲ್ಲಿ ಒಂದು ಬದಿ ಕುಗ್ಗಿ ಇನ್ನೊಂದು ಬದಿ ಹಿಗ್ಗಿದಾಗ ಮಾತ್ರ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಗಾಡಿಯನ್ನು ನೆಟ್ಟಗೆ ಎಳೆಯುತ್ತೆ.

ಲಿಂಕು, ಬುಷ್ಷು ಸೇರಿ 1,800 ರೂಪಾಯಿ. ಕ್ಯಾರಿಯರ್ ಇಳಿಸಿದ್ದು ಪುಕ್ಕಟೆ, ಈಗ ಅದರ ಮೇಲೆ ಅಮ್ಮ ಹಪ್ಪಳ ಒಣಗಿಸ್ತಾರೆ.

ಹಿಂದಿನ ಚಕ್ರಗಳಿಗೆ ನಮ್ಮ ಗಾಡಿಯಲ್ಲಿ ರಾಡೇ ಇರಲಿಲ್ಲ. ಇದರದೇ ಟಾಪ್ ಮಾಡೆಲ್‌ಗೆ ಇದೆಯಂತೆ. ನೋಡಿದರೆ ನಮ್ಮ ಚಾಸಿಯಲ್ಲೂ ಬೋಲ್ಟಿನ ತೂತು ಬಾಯಿ ಬಿಟ್ಟುಕೊಂಡು ಕಾಯ್ತಿತ್ತು! ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ 2,500ಕ್ಕೆ ತಂದೆ. ಅಳಿಯನಿಗೆ ಇನ್ನೂ ದಪ್ಪದ್ದು ಹಾಕಿಸೋ ಹುಚ್ಚು. ನಾನು ಬೇಡ ಅಂದೆ. ರಾಡಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ: 20 ಮಿ.ಮೀ. ಇದ್ದದ್ದನ್ನು 22 ಮಾಡಿದರೆ ಸುಮಾರು 46% ಜಾಸ್ತಿ ಬಿಗಿ. ಹಿಂದಿನ ಚಕ್ರ ದೂಡುವ ಗಾಡಿಗೆ ಹಿಂಬದಿ ಅಷ್ಟು ಬಿಗಿ ಮಾಡಿದರೆ ಆಗುಂಬೆ ಮಳೆಯಲ್ಲಿ ಬಾಲ ಜಾರೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸೋ ಮಾತೂ ಬಂತು. ನಮ್ಮನೆ ರಸ್ತೆ ನೋಡಿದವರು ಆ ಮಾತಾಡಲ್ಲ.

ಎಷ್ಟು ಕಮ್ಮಿಯಾಯ್ತು ಅಂತ ಅಳೆಯೋಕೆ ಮೊಬೈಲಿನ ಲೆವೆಲ್ ಆಪ್ ನಂಬಬೇಡಿ. ಅದು ತಿರುವಿನ ಸೆಳೆತವನ್ನೂ ವಾಲಿಕೆ ಅಂತಲೇ ತೋರಿಸುತ್ತೆ. ಅಳಿಯ ಬೈಕಿನಲ್ಲಿ ಮೊದಲೇ ಹೋಗಿ ತಿರುವಿನಲ್ಲಿ ನಿಂತು ವಿಡಿಯೋ ಮಾಡಿದ. ಹಳೇದು, ಹೊಸದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ನಷ್ಟವೂ ಇದೆ: ಒಂದು ಚಕ್ರ ಗುಂಡಿಗೆ ಬಿದ್ದರೆ ಈಗ ಎಲ್ಲರ ತಲೆಯೂ ಅಡ್ಡಡ್ಡ ಅಲ್ಲಾಡುತ್ತೆ.

ಹೋದ ಸಲ ಅಮ್ಮ ನಿಂಬೆಹಣ್ಣು ಬಿಚ್ಚಲೇ ಇಲ್ಲ. ಹೆಬ್ರಿಯಲ್ಲಿ ಇಳಿದು ಎರಡು ಬನ್ಸ್ ತಿಂದರು. ನಾನು ಜಂಬದಿಂದ ರಾಡಿನ ಕಥೆ ಹೇಳಿದೆ. "ರಾಡೂ ಇಲ್ಲ ಗೀಡೂ ಇಲ್ಲ, ಇವತ್ತು ನಿನ್ ಹೆಂಡ್ತಿ ಪಕ್ಕದಲ್ಲಿ ಕೂತಿದ್ಲು, ನೀನು ನಿಧಾನ ಬಿಟ್ಟೆ" ಅಂದರು. 20ರಲ್ಲಿ ತಿರುಗಿಸೋದನ್ನು 30ರಲ್ಲಿ ತಿರುಗಿಸಿದರೆ ಹೊರಗೆ ದೂಡುವ ಬಲ ಎರಡೂಕಾಲು ಪಟ್ಟು. ಲೆಕ್ಕ ನನಗೂ ಗೊತ್ತಿತ್ತು, ಬನ್ಸಿನ ದುಡ್ಡು ಕೊಟ್ಟು ಸುಮ್ಮನೆ ಗಾಡಿ ಹತ್ತಿದೆ.