ಮಳೆಗಾಲಕ್ಕೆ ಮುನ್ನ ನಾಲ್ಕು ಟೈರ್

2024ರ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು, ನನ್ನ ಪೋರ್ಷೆ ಕೇಮನ್ ಎಸ್ ಕಾರನ್ನು ಬೆಂಗಳೂರಿನ ವರ್ಕ್‌ಶಾಪ್ ಒಂದರಲ್ಲಿ ಲಿಫ್ಟ್ ಮೇಲೆ ಏರಿಸಿದಾಗ, ಹಿಂದಿನ ಟೈರ್‌ಗಳ ಒಳಅಂಚು ಸವೆದು ನುಣ್ಣಗಾಗಿರುವುದನ್ನು ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದರು. ತೋಡಿನ ಆಳ ಅಳೆಯುವ ಡೆಪ್ತ್ ಗೇಜ್ ಹೊರಅಂಚಿನಲ್ಲಿ 4 ಮಿ.ಮೀ. ತೋರಿಸುತ್ತಿತ್ತು, ಒಳಗಡೆ ಮಾತ್ರ ತೋಡು 1.6 ಮಿ.ಮೀ. ಮಿತಿ ಸೂಚಿಸುವ ಉಬ್ಬಿಗೆ ಸಮನಾಗಿಬಿಟ್ಟಿತ್ತು. ತಿರುವಿನಲ್ಲಿ ಹಿಡಿತ ಸಿಗಲೆಂದು ಈ ಕಾರಿನ ಹಿಂಚಕ್ರಗಳನ್ನು ಮೇಲ್ಭಾಗದಲ್ಲಿ ಕೊಂಚ ಒಳಕ್ಕೆ ವಾಲಿಸಿರುತ್ತಾರೆ. ಎಂಜಿನ್ನಿನ ಶಕ್ತಿಯೆಲ್ಲ ಹರಿಯುವುದೂ ಆ ಎರಡು ಚಕ್ರಗಳಿಗೇ ಆದ್ದರಿಂದ ಸವೆತ ಅಲ್ಲಿಂದಲೇ ಆರಂಭವಾಗುತ್ತದೆ.

ಮುಂದಿನ ಟೈರ್‌ಗಳಲ್ಲಿ ತೋಡು ಸಾಕಷ್ಟಿತ್ತು. ಆದರೆ ಅವುಗಳ ಬದಿಯಲ್ಲಿದ್ದ 1418 ಎಂಬ ಅಂಕಿ, ಅವು 2018ರ 14ನೇ ವಾರ ತಯಾರಾದವೆಂದು ಹೇಳುತ್ತಿತ್ತು. ಆರು ವರ್ಷದ ರಬ್ಬರ್ ಗಡುಸಾಗಿತ್ತು, ತೋಡುಗಳ ಬುಡದಲ್ಲಿ ಸಣ್ಣ ಬಿರುಕುಗಳು ಕಾಣುತ್ತಿದ್ದವು. ನಾಲ್ಕನ್ನೂ ಬದಲಿಸುವುದೆಂದು ನಿರ್ಧರಿಸಿದೆ.

ಅಳತೆಯಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ: ಮುಂದೆ 235/40, ಹಿಂದೆ 265/40, ಎರಡೂ 19 ಇಂಚಿನ ರಿಮ್‌ಗೆ (ಮೊದಲ ಸಂಖ್ಯೆ ಮಿ.ಮೀ.ಗಳಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಲೆಕ್ಕದಲ್ಲಿ ಬದಿಯ ಎತ್ತರ). ಕಠಿಣವಾಗಿದ್ದುದು ಉಳಿದ ವಿಚಾರ. ಪೋರ್ಷೆ ತಾನೇ ಪರೀಕ್ಷಿಸಿ ಒಪ್ಪಿದ ಟೈರ್‌ಗಳ ಬದಿಯಲ್ಲಿ 'ಎನ್' ಅಕ್ಷರದ ಗುರುತಿರುತ್ತದೆ. ಹಳೆಯ ಟೈರ್‌ಗಳೂ ಅಂಥವೇ ಆಗಿದ್ದವು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಇಂಥ ವಿರಳ ಅಳತೆಗಳನ್ನು ಹುಡುಕುವುದು ಸುಲಭವಾಗಿ ಉಳಿದಿಲ್ಲ. ಒಂದು ಅಂಗಡಿಯಲ್ಲಿ ಎನ್ ಗುರುತಿನ ಜೋಡಿ ಸಿಕ್ಕಿತಾದರೂ ಹಿಂಚಕ್ರದವು 2019ರ ಮಾಲು. "ಬಿಸಿಲೇ ಕಂಡಿಲ್ಲ ಸಾರ್, ಗೋಡೌನ್‌ನಲ್ಲೇ ಇದ್ದದ್ದು, ಹೊಸದು ಅಂತಲೇ ತಿಳ್ಕೊಳ್ಳಿ" ಎಂದರು ಅಂಗಡಿಯವರು. ನೆರಳಿನಲ್ಲಿಟ್ಟ ರಬ್ಬರ್ ನಿಧಾನವಾಗಿ ಹಳತಾಗುತ್ತದೆ ಎಂಬುದು ನಿಜ. ಆದರೂ ಐದು ವರ್ಷದ ಟೈರ್‌ಗೆ ಹೊಸದರ ಬೆಲೆ ಕೇಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ನಾನು ಈ ಕಾರನ್ನು ಹೆಚ್ಚಾಗಿ ಒಯ್ಯುವುದು ಚಾರ್ಮಾಡಿ, ಆಗುಂಬೆಗಳ ಕಡೆಗೆ. ಅಗಲವಾದ ಟೈರ್ ಒಣರಸ್ತೆಯಲ್ಲಿ ಎಷ್ಟು ಬಿಗಿಯಾಗಿ ಹಿಡಿಯುತ್ತದೆಯೋ, ನಿಂತ ನೀರಿನ ಮೇಲೆ ತೇಲುವ ಅಪಾಯವೂ ಅದಕ್ಕೆ ಅಷ್ಟೇ ಹೆಚ್ಚು. ನೀರನ್ನು ಹೊರದಬ್ಬುವ ತೋಡು ಆಳವಾಗಿರಬೇಕು, ತಣ್ಣನೆಯ ಒದ್ದೆ ರಸ್ತೆಗೆ ಅಂಟುವಷ್ಟು ರಬ್ಬರ್ ಮೃದುವಾಗಿರಬೇಕು. ಈ ಕಾರಿನಲ್ಲಿ ಸ್ಟೆಪ್ನಿಯೂ ಇಲ್ಲ, ಇರುವುದು ಪಂಕ್ಚರ್ ಮುಚ್ಚುವ ದ್ರವ ಮತ್ತು ಪುಟ್ಟ ಕಂಪ್ರೆಸರ್ ಮಾತ್ರ. ಮುಂದಿನ ಟೈರ್‌ನ ಬದಿಯ ಎತ್ತರ ಕೇವಲ 94 ಮಿ.ಮೀ.; ಗುಂಡಿಗೆ ಬಿದ್ದು ಬದಿ ಹರಿದರೆ ಆ ದ್ರವ ಏನೂ ಮಾಡಲಾರದು. ಆದ್ದರಿಂದ ಎನ್ ಗುರುತನ್ನು ಬಿಟ್ಟು, ಅದೇ ಅಳತೆಯಲ್ಲಿ ಇತ್ತೀಚೆಗೆ ತಯಾರಾದ ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರ್‌ಗಳನ್ನು ಆರಿಸಿದೆ. ಕಾರ್ಖಾನೆಯವರು ಈ ಕಾರಿಗಾಗಿಯೇ ಮಾಡಿದ ಸೂಕ್ಷ್ಮ ಹೊಂದಾಣಿಕೆಯನ್ನು ಕಳೆದುಕೊಳ್ಳುತ್ತಿದ್ದೇನೆಂಬ ಅರಿವಿತ್ತು. ಹಿಂಚಕ್ರಕ್ಕೆ ಬೇಕಾದ ಭಾರಸೂಚ್ಯಂಕ (ಟೈರ್ ಹೊರಬಲ್ಲ ಭಾರದ ಸಂಕೇತ) 98, ಎಂದರೆ ಒಂದು ಟೈರ್‌ಗೆ 750 ಕಿಲೋ; ಹೊಸದರದು 102, ಎಂದರೆ 850 ಕಿಲೋ. ಆ ಲೆಕ್ಕದಲ್ಲಿ ಸಂಶಯ ಉಳಿಯಲಿಲ್ಲ.

ಈ ಟೈರ್‌ನ ಒಳಭಾಗ ಮತ್ತು ಹೊರಭಾಗದ ರಬ್ಬರ್ ಮಿಶ್ರಣಗಳು ಬೇರೆಬೇರೆಯಾದ್ದರಿಂದ, 'ಔಟ್‌ಸೈಡ್' ಎಂದು ಅಚ್ಚಾದ ಬದಿ ನಾಲ್ಕು ಚಕ್ರಗಳಲ್ಲೂ ಹೊರಕ್ಕೇ ಬಂದಿದೆಯೇ ಎಂದು ಫಿಟ್ಟರ್ ಜೊತೆ ನಿಂತು ನೋಡಿದೆ. ಬ್ಯಾಲೆನ್ಸಿಂಗ್ ಮುಗಿದ ಬಳಿಕ, ಕಂಪನಿ ಹೇಳಿದ ಮಿತಿಯೊಳಗೇ ಹಿಂಚಕ್ರಗಳ ವಾಲನ್ನು ಸ್ವಲ್ಪ ಕಡಿಮೆ ಮಾಡಿಸಿದೆ; ಕಾರು ತೊಳೆಯುವಾಗಲೆಲ್ಲ ಒಳಅಂಚನ್ನು ಕೈಯಿಂದ ಮುಟ್ಟಿ ನೋಡುವುದು ಈಗ ರೂಢಿಯಾಗಿದೆ.